ಹಳೇ ಅಡೆಗಲ್ಲಿನ ದರ

ಫೆಬ್ರವರಿ 3, ಸೋಮವಾರ

ಹಾರ್ಡ್‌ವೇರ್ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಒಂದು ತಿಂಗಳು ಖಾಲಿ ಬಿದ್ದಿತ್ತು. ಇವತ್ತಿನಿಂದ ಬರೆಯುತ್ತೇನೆ. ಕಾರಣ ಇದೆ.

ಬೆಳಿಗ್ಗೆ ಕಲ್ಲು ಕ್ವಾರಿಯ ಮೇಸ್ತ್ರಿ ಹನ್ನೆರಡು ಉಳಿ ತಂದ. ಮೊಂಡಾದ ಮೊನೆಗಳನ್ನು ಬಡಿದು ಹದ ಕೊಡಬೇಕು. ಒಂಬತ್ತನ್ನು ನಾನು ಮುಗಿಸಿಟ್ಟಿದ್ದೆ. ಮಾವ ಬಂದು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಮತ್ತೆ ಬೆಂಕಿಗೆ ಹಾಕಿದರು. ತಪ್ಪೇನು ಎಂದು ಹೇಳಲಿಲ್ಲ. ಮೇಸ್ತ್ರಿ ನನ್ನ ಮುಖ ನೋಡಿದ. ಉಳಿ ಸರಿಯಾಗಿಯೇ ಇತ್ತು. ನಾನೂ ಹೇಳಲಿಲ್ಲ.

ಮದುವೆಯಾಗಿ ಮನೆಅಳಿಯನಾಗಿ ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ಮುಂದೆ ಕುಲುಮೆ, ಹಿಂದೆ ಎರಡು ಕೋಣೆ, ನಡುವೆ ಒಂದು ಬಾಗಿಲು. ಬೆಳಿಗ್ಗೆ ಆ ಬಾಗಿಲು ದಾಟಿ ಕೆಲಸಕ್ಕೆ ಬರುತ್ತೇನೆ, ಸಂಜೆ ಅದೇ ಬಾಗಿಲು ದಾಟಿ ಮನೆಗೆ ಹೋಗುತ್ತೇನೆ. ಒಟ್ಟು ಹನ್ನೊಂದು ಹೆಜ್ಜೆ. ಸಂಬಳ ಇಲ್ಲ. "ಬೇಕಾದಾಗ ಕೇಳು" ಎಂದು ಮಾವ ಮದುವೆಯ ಮರುದಿನ ಹೇಳಿದ್ದರು. ಚಪ್ಪಲಿಗೂ ಕೇಳಿದ್ದೇನೆ, ಬ್ಲೇಡಿಗೂ ಕೇಳಿದ್ದೇನೆ. ಒಂದು ದಿನವೂ ಇಲ್ಲ ಎಂದವರಲ್ಲ. ಇಲ್ಲ ಎಂದಿದ್ದರೆ ಎಂದೋ ಜಗಳವಾಡಿ ಹೋಗಿರುತ್ತಿದ್ದೆ.

ಮಧ್ಯಾಹ್ನ ಬಸ್ ಡಿಪೋ ಹಿಂದಿನ ರಸ್ತೆಯಲ್ಲಿ ಖಾಲಿ ಶೆಡ್ ಒಂದನ್ನು ನೋಡಿದೆ. ಒಂದು ಕಿಟಕಿ, ಒಂದು ಶಟರ್, ಮೇಲೆ ಅಟ್ಟದಂಥ ಕೋಣೆ. ಆ ಸಾಲಿನ ಎಲ್ಲ ಶೆಡ್‌ಗಳ ಬೀಗದ ಕೈ ಒಬ್ಬ ಹೆಂಗಸಿನ ಸೊಂಟದಲ್ಲಿ ಇರುತ್ತದೆ. ಅವರನ್ನು ಎಲ್ಲರೂ ಬೀಗದಕ್ಕ ಎನ್ನುತ್ತಾರೆ. ಮಾರ್ಚ್ ಹದಿನೈದರವರೆಗೆ ಬೇರೆಯವರಿಗೆ ಕೊಡುವುದಿಲ್ಲ, ಅಷ್ಟರೊಳಗೆ ಸಾಮಾನು ತಂದಿಳಿಸಿ ಕೆಲಸ ಶುರು ಮಾಡಿರಬೇಕು ಎಂದರು.

ಸುತ್ತಿಗೆ ನಾನೇ ಮಾಡಿಕೊಳ್ಳಬಲ್ಲೆ. ಇಕ್ಕಳ ಮಾಡಿಕೊಳ್ಳಬಲ್ಲೆ. ಹಳೇ ಬ್ಲೋವರ್ ಒಂದಿದೆ. ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ಅಡೆಗಲ್ಲನ್ನು ಮಾತ್ರ ಯಾವ ಕಮ್ಮಾರನೂ ಮಾಡಿಕೊಳ್ಳಲಾರ, ಕೊಳ್ಳಬೇಕು. ಹೆಂಡತಿ ಲಾರಿ ಟಾರ್ಪಾಲು ಹೊಲಿದದ್ದು, ನಾನು ಭಾನುವಾರಗಳಲ್ಲಿ ಗೇಟು ಬೆಸೆದದ್ದು ಸೇರಿ ಹದಿನೆಂಟು ಸಾವಿರ ಇದೆ. ಶೆಡ್ಡಿನ ಮುಂಗಡವನ್ನು ಅವಳು ಬೇರೆಯೇ ಎತ್ತಿಟ್ಟಿದ್ದಾಳೆ.

ಮಾವನಿಗೆ ಇನ್ನೂ ಹೇಳಿಲ್ಲ.

ಫೆಬ್ರವರಿ 6, ಗುರುವಾರ

ಹಳೇ ಸಾಮಾನಿನ ವ್ಯಾಪಾರಿಯ ಹತ್ತಿರ ಹೋಗಿದ್ದೆ. ಯಾವ ವಸ್ತುವನ್ನಾದರೂ ಕಣ್ಣಲ್ಲೇ ತೂಗಿ ಹೇಳುವವನಾದ್ದರಿಂದ ಅವನಿಗೆ 'ತಕ್ಕಡಿ' ಎಂದೇ ಹೆಸರು. ಹೊಸ ಅಡೆಗಲ್ಲಿಗೆ ಕಿಲೋಗೆ ನಾನೂರು ನಡೆಯುತ್ತಿದೆಯಂತೆ. ನೂರು ಕಿಲೋದ್ದು ನಲವತ್ತು ಸಾವಿರವಾಯಿತು. ಆ ಮಾತು ಅಲ್ಲಿಗೇ ಬಿಟ್ಟೆ.

ಹಳೆಯದರ ದರ ಕೇಳಿದ್ದಕ್ಕೆ ತಕ್ಕಡಿ ನಕ್ಕ. "ಮೊದಲು ತೂಕ ಕೇಳು, ಆಮೇಲೆ ಬೆಲೆ ಕೇಳು. ಮೊದಲೇ ಬೆಲೆ ಕೇಳೋನು ಗಿರಾಕಿ ಅಲ್ಲ, ಕುರಿ."

ಅವನು ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ. ಗುಜರಿಗೆ ಹಾಕಿದರೆ ಕಿಲೋಗೆ ಮೂವತ್ತೈದು. ಬೀಡು ಕಬ್ಬಿಣದ್ದಾದರೆ, ಅಂದರೆ ಪೂರ್ತಿ ಎರಕ ಹೊಯ್ದದ್ದಾದರೆ, ಅರವತ್ತರ ಮೇಲೆ ಕೊಡಬಾರದು, ಅದು ಕೆಲಸಕ್ಕೆ ಬಾರದು. ಉಕ್ಕಿನ ಮುಖದ್ದು, ಆದರೆ ಅಂಚು ಮುರಿದಿದೆ ಎಂದರೆ ನೂರರಿಂದ ನೂರ ಇಪ್ಪತ್ತು. ಅಂಚು ನೆಟ್ಟಗಿದ್ದು ಮುಖ ಸಮವಾಗಿದ್ದರೆ ನೂರೈವತ್ತು. ಅದಕ್ಕಿಂತ ಮೇಲೆ ಕೊಡುವವನು ಒಂದೋ ದುಡ್ಡಿದ್ದವನು, ಇಲ್ಲವೋ ಗತಿಯಿಲ್ಲದವನು. ವೆಲ್ಡಿಂಗ್ ಮಾಡಿ ತೇಪೆ ಹಾಕಿದ್ದನ್ನು ಮುಟ್ಟಲೇಬಾರದು, ಬಿಸಿಗೆ ಹದ ಹೋಗಿರುತ್ತದೆ.

ಬೇರಿಂಗಿನ ಉಕ್ಕಿನ ಗುಂಡೊಂದನ್ನು ಅವನೇ ಕೊಟ್ಟ. ಒಂದು ಗೇಣು ಮೇಲಿನಿಂದ ಮುಖದ ಮೇಲೆ ಬಿಡಬೇಕು. ಮುಕ್ಕಾಲು ಗೇಣಿಗೆ ಎಗರಿದರೆ ಮಾಲು ಒಳ್ಳೆಯದು. ಅರ್ಧಕ್ಕಿಂತ ಕೆಳಗೆ ನಿಂತರೆ ಎದ್ದು ಬರಬೇಕು.

ಗುಂಡನ್ನು ಜೇಬಿನಲ್ಲಿ ಇಟ್ಟುಕೊಂಡು ಬಂದೆ. ತಡವಾದದ್ದಕ್ಕೆ ಮಾವ ಕಾರಣ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ.

ಫೆಬ್ರವರಿ 9, ಭಾನುವಾರ

ಬಾಗಿಲು ಮುಚ್ಚಿದ ಬಸ್ ಬಾಡಿ ಕಾರ್ಖಾನೆಯಲ್ಲಿ ಒಂದಿದೆ ಎಂದು ತಿಳಿದು ಹೋದೆ. ಕಾವಲುಗಾರನೇ ಮಾರಾಟಗಾರ. ಅಡೆಗಲ್ಲಿಗೆ ಹಸಿರು ಬಣ್ಣ ಬಳಿದು, ಮೇಲೊಂದು ಹೂಕುಂಡ ಇಟ್ಟಿದ್ದ. ನೂರಹತ್ತು ಕಿಲೋ, ಕಿಲೋಗೆ ತೊಂಬತ್ತು ಎಂದ. ಗುಂಡು ಬಿಟ್ಟೆ. ಕೆಸರಿಗೆ ಬಿದ್ದ ಹಾಗೆ ಅಲ್ಲೇ ಕೂತಿತು. ಬೀಡು.

"ಇದು ಬೀಡು ಕಣಪ್ಪ" ಎಂದೆ.

"ಬೀಡೋ ಬಿಡಾರವೋ, ಎತ್ತೋಕಾದ್ರೆ ಎತ್ಕೊಂಡು ಹೋಗಿ ಸಾರ್. ಹೂಕುಂಡ ಬೇಕಾದ್ರೆ ಹಾಗೇ ಕೊಡ್ತೀನಿ."

ಬರಿಗೈಲಿ ಬಂದೆ. ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಿ ಹುಬ್ಬು ಹಾರಿಸಿದಳು. ಇಲ್ಲ ಎಂದು ತಲೆಯಾಡಿಸಿದೆ. ಮಾವ ಪಕ್ಕದ ಕೋಣೆಯಲ್ಲೇ ಇದ್ದುದರಿಂದ ಮಾತಾಡಲಿಲ್ಲ. ಅವರಿಗೆ ಕಿವಿ ಅರ್ಧ ಮಂದ, ಐವತ್ತು ವರ್ಷ ಕಬ್ಬಿಣದ ನಾದ ಕೇಳಿ ಹಾಗಾಗಿದೆ. ಮಾತಾಡಿದ್ದರೂ ಕೇಳಿಸುತ್ತಿರಲಿಲ್ಲ. ಆದರೂ ಈ ಮನೆಯಲ್ಲಿ ನಾವಿಬ್ಬರು ಮೆಲ್ಲಗೇ ಮಾತಾಡುವುದು.

ಫೆಬ್ರವರಿ 16, ಭಾನುವಾರ

ಎರಡನೆಯದು. ಒಬ್ಬ ವೆಲ್ಡರ್‌ನ ಮನೆಯ ಅಂಗಳದಲ್ಲಿತ್ತು. ಎಂಬತ್ತೈದು ಕಿಲೋ, ಕಿಲೋಗೆ ನೂರ ಅರವತ್ತು. ಮುಖ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಎರಡು ದಿನ ಗ್ರೈಂಡರ್ ಹಿಡಿದು ಉಜ್ಜಿದ್ದೇನೆ ಎಂದು ಅವನು ಹೆಮ್ಮೆಯಿಂದ ಹೇಳಿದ. ಅಡೆಗಲ್ಲಿನ ಗಟ್ಟಿತನವೆಲ್ಲ ಮೇಲಿನ ಒಂದು ಬೆರಳು ದಪ್ಪದಲ್ಲಿ ಇರುತ್ತದೆ. ಅವನು ಅದನ್ನೇ ಉಜ್ಜಿ ತೆಗೆದಿದ್ದ. ಗುಂಡು ಅರ್ಧ ಗೇಣೂ ಏಳಲಿಲ್ಲ. ಹೇಳಿದರೆ ಬೇಜಾರಾಗುತ್ತಾನೆ ಎಂದು, ಮೂಗು ನನಗೆ ಚಿಕ್ಕದಾಯಿತು ಎಂದು ಸುಳ್ಳು ಹೇಳಿ ಬಂದೆ. ಅಡೆಗಲ್ಲಿನ ಮುಂದಿನ ಕೊಂಬಿಗೆ ನಾವು ಮೂಗು ಎನ್ನುತ್ತೇವೆ.

ಮಗಳಿಗೆ ಗುಣಾಕಾರ ಅಭ್ಯಾಸವಾಗಲಿ ಎಂದು ಮೊದಲು ಹೋದ ವಾರದ ನೂರಹತ್ತನ್ನು ತೊಂಬತ್ತರಿಂದ, ಆಮೇಲೆ ಎಂಬತ್ತೈದನ್ನು ನೂರ ಅರವತ್ತರಿಂದ ಗುಣಿಸಲು ಹೇಳಿದೆ. ಒಂಬತ್ತು ಸಾವಿರದ ಒಂಬೈನೂರು, ಹದಿಮೂರು ಸಾವಿರದ ಆರುನೂರು. ಸರಿಯಾಗಿ ಮಾಡಿದಳು. ಹತ್ತು ವರ್ಷಕ್ಕೆ ಪರವಾಗಿಲ್ಲ.

ಫೆಬ್ರವರಿ 18, ಮಂಗಳವಾರ

ಇಡೀ ದಿನ ಹಾರೆ ಕೆಲಸ. ಮಾವ ಇಕ್ಕಳದಲ್ಲಿ ಹಿಡಿದುಕೊಳ್ಳುತ್ತಾರೆ, ನಾನು ಎದುರು ನಿಂತು ಸಮ್ಮಟಿಗೆ ಹೊಡೆಯುತ್ತೇನೆ. ಅವರು ಚಿಕ್ಕ ಸುತ್ತಿಗೆಯಿಂದ ಕಾದ ಕಬ್ಬಿಣವನ್ನು ಮುಟ್ಟಿ ತೋರಿಸಿದ ಜಾಗಕ್ಕೇ ನನ್ನ ಪೆಟ್ಟು ಬೀಳಬೇಕು. ಜೋರಾಗಿ ಮುಟ್ಟಿದರೆ ಜೋರು ಪೆಟ್ಟು, ಮೆಲ್ಲಗೆ ಮುಟ್ಟಿದರೆ ಮೆಲ್ಲಗೆ. ಸುತ್ತಿಗೆಯನ್ನು ಅಡೆಗಲ್ಲಿನ ಮೇಲೆ ಮಲಗಿಸಿದರೆ ನಿಲ್ಲಿಸು ಎಂದರ್ಥ. ಎಲ್ಲ ಕುಲುಮೆಗಳಲ್ಲೂ ಹೀಗೇ. ಆದರೆ ಬೇರೆಯವರು ನಡುನಡುವೆ ಮಾತೂ ಆಡುತ್ತಾರೆ. ನಾವು ಹದಿನಾಲ್ಕು ವರ್ಷದಲ್ಲಿ ಸುತ್ತಿಗೆಯಲ್ಲಿ ಎಷ್ಟು ಮಾತಾಡಿದ್ದೇವೋ ಬಾಯಲ್ಲಿ ಅದರ ನೂರರಲ್ಲಿ ಒಂದು ಪಾಲೂ ಆಡಿಲ್ಲ.

ಇವತ್ತು ಶೆಡ್ಡಿನ ವಿಷಯ ಹೇಳಲೇಬೇಕು ಎಂದುಕೊಂಡಿದ್ದೆ. ಎಂಟು ಹಾರೆ ಮುಗಿದವು. ಹೇಳಲಿಲ್ಲ.

ಫೆಬ್ರವರಿ 23, ಭಾನುವಾರ

ಮೂರನೆಯದು. ನಿವೃತ್ತ ಫಿಟ್ಟರ್ ಒಬ್ಬರ ಮನೆ. ಗೋಡೆಗೆಲ್ಲ ಮೊಳೆ ಹೊಡೆದು, ಪ್ರತಿ ಸ್ಪ್ಯಾನರಿನ ಆಕಾರವನ್ನು ಬಣ್ಣದಲ್ಲಿ ಬರೆದು, ಅದರದರ ಜಾಗದಲ್ಲಿ ತೂಗುಹಾಕಿದ್ದಾರೆ. ಅಡೆಗಲ್ಲು ಮೂಲೆಯಲ್ಲಿತ್ತು. ತೊಂಬತ್ತಾರು ಕಿಲೋ, ಕಿಲೋಗೆ ನೂರ ಮೂವತ್ತು. ಅಂಚು ನಾಲ್ಕೂ ಕಡೆ ನೆಟ್ಟಗೆ. ಮೂಗಿನ ತುದಿ ಒಂದು ಚೂರು ಹೋಗಿದೆ, ಅಷ್ಟೇ.

ಸುತ್ತಿಗೆ ಎತ್ತಿ ಮುಖಕ್ಕೆ ಒಂದು ತಟ್ಟಿದೆ. ಮರಕ್ಕೆ ತಟ್ಟಿದ ಹಾಗೆ ಠಕ್ ಎಂದಿತು. ಇನ್ನೊಂದು ಕಡೆ ತಟ್ಟಿದೆ. ಅಲ್ಲೂ ಠಕ್. ನಮ್ಮ ಕುಲುಮೆಯ ಅಡೆಗಲ್ಲು ತಟ್ಟಿದರೆ ಎರಡು ಬೀದಿಗೆ ಕೇಳಿಸುತ್ತದೆ. ನಾದ ಸತ್ತಿದೆ ಎಂದರೆ ಒಳಗೆ ಬಿರುಕು. ಈ ಕೆಲಸಕ್ಕೆ ಬಂದ ಮೊದಲ ವಾರ ಕಲಿಯುವ ಪಾಠ ಅದು. ಜೇಬಿನಿಂದ ಗುಂಡು ತೆಗೆಯುವುದಕ್ಕೂ ಮನಸ್ಸಾಗಲಿಲ್ಲ.

"ನಾದ ಇಲ್ಲವಲ್ಲ" ಎಂದೆ.

ಫಿಟ್ಟರ್ ಕನ್ನಡಕ ಒರೆಸಿಕೊಂಡರು. "ನಾದ ಬೇಕಾದ್ರೆ ಗಂಟೆ ತಗೊಳ್ಳಿ. ಇದು ಅಡೆಗಲ್ಲು."

ಅವರ ಮಾತಿನ ಧಾಟಿ ಹಿಡಿಸಲಿಲ್ಲ. ಬಂದುಬಿಟ್ಟೆ.

ಮನೆಗೆ ಬಂದಾಗ ಮಾವ ಇರಲಿಲ್ಲ. ಹೆಂಡತಿ ಕತ್ತರಿ ಕೆಳಗಿಟ್ಟಳು. "ಇದಕ್ಕೇನಾಗಿತ್ತು?" ಹೇಳಿದೆ. "ಹೆಣ್ಣು ನೋಡೋಕೆ ಹೋದವರ ಹಾಗಾಯ್ತು ನಿಮ್ಮ ಕಥೆ" ಎಂದಳು. "ಒಂದಕ್ಕೆ ಮುಖ ಸರಿಯಿಲ್ಲ, ಒಂದಕ್ಕೆ ಮೂಗು ಸರಿಯಿಲ್ಲ, ಇನ್ನೊಂದಕ್ಕೆ ಮಾತೇ ಬರಲ್ಲ. ಒಂದು ಮಾತು ಕೇಳ್ತೀನಿ, ನಿಜ ಹೇಳಿ. ನೀವು ಅಡೆಗಲ್ಲು ಹುಡುಕ್ತಿದ್ದೀರೋ, ಅದು ಸಿಗದೇ ಇರಲಿ ಅಂತ ಹುಡುಕ್ತಿದ್ದೀರೋ?"

ಇಂಥ ಪ್ರಶ್ನೆಗೆ ಉತ್ತರ ಕೊಡಬಾರದು. ಲೆಕ್ಕದ ಪುಸ್ತಕ ಎಳೆದುಕೊಂಡೆ.

ಮಗಳಿಗೆ ತೊಂಬತ್ತಾರು ಗುಣಿಸು ನೂರ ಮೂವತ್ತು ಕೊಟ್ಟೆ. ಹನ್ನೆರಡು ಸಾವಿರದ ನಾನೂರ ಎಂಬತ್ತು.

ಫೆಬ್ರವರಿ 27, ಗುರುವಾರ

ಸಂಜೆ ಮಾವ ಮಗಳ ಲೆಕ್ಕದ ಪುಸ್ತಕ ತಿರುವಿ ಹಾಕುತ್ತಿದ್ದರು. ದಿನವೂ ನೋಡುತ್ತಾರೆ. ಶಾಲೆಯಲ್ಲಿ ಏನು ಹೇಳಿಕೊಡುತ್ತಾರೋ ಅದನ್ನು ತಾವೂ ಕಲಿಯುವ ಆಸೆ. ಒಂದು ಪುಟದಲ್ಲಿ ಬೆರಳಿಟ್ಟು, "ನೂರಹತ್ತು, ಎಂಬತ್ತೈದು, ತೊಂಬತ್ತಾರು. ಇದ್ಯಾವ ಪಾಠದ್ದು ಪುಟ್ಟಿ?" ಎಂದರು.

"ಪಾಠದ್ದಲ್ಲ ತಾತ, ಅಪ್ಪ ಕೊಟ್ಟ ಲೆಕ್ಕ. ಮೇಲಿಂದು ಕಿಲೋ, ಕೆಳಗಿಂದು ದರ."

ಮಾವ ಬಹಳ ಹೊತ್ತು ಆ ಪುಟ ನೋಡಿದರು. ಐವತ್ತು ವರ್ಷದ ಕಮ್ಮಾರನಿಗೆ ಆ ತೂಕ, ಆ ದರ ಯಾವ ವಸ್ತುವಿನದು ಎಂದು ಯಾರೂ ಹೇಳಿಕೊಡಬೇಕಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ನನ್ನ ಕಡೆ ತಿರುಗಲಿಲ್ಲ. "ಲೆಕ್ಕ ಸರಿಯಾಗಿದೆ" ಎಂದು ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟರು.

ಊಟಕ್ಕೆ ಕೂತಾಗಲೂ ಏನೂ ಕೇಳಲಿಲ್ಲ. ಈಗಲಾದರೂ ನಾನೇ ಹೇಳಬಹುದಿತ್ತು.

ಮಾರ್ಚ್ 1, ಶನಿವಾರ

ಮಾವ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು ಹೊರಗೆ ಹೋದರು. ಕೆಲಸದ ದಿನ ಅವರು ಕುಲುಮೆ ಬಿಟ್ಟು ಹೋದದ್ದನ್ನು ನಾನು ನೋಡಿಲ್ಲ. ಎಲ್ಲಿಗೆ ಎಂದು ಕೇಳಲಿಲ್ಲ. ಪಿಕಾಸಿ ನಾಲ್ಕು ಮಾಡಿದೆ.

ಮಾರ್ಚ್ 4, ಮಂಗಳವಾರ

ಇವತ್ತು ಆದದ್ದನ್ನು ಸರಿಯಾಗಿ ಬರೆಯಬೇಕು.

ಇದ್ದಿಲು ತರಲು ಹೋದವನು ತಕ್ಕಡಿಯ ಅಂಗಡಿಗೆ ಹೋಗಿ ಮೂರನೆಯ ಅಡೆಗಲ್ಲಿನ ವಿಷಯ ಹೇಳಿದೆ. ಅವನು ಚಹಾ ಲೋಟ ಕೆಳಗಿಟ್ಟ. "ಗುಂಡು ಬಿಟ್ಟು ನೋಡಿದ್ಯಾ?" ಇಲ್ಲ ಎಂದೆ. ಕೆಲವು ಕಾರ್ಖಾನೆಗಳಲ್ಲಿ ಉಕ್ಕಿನ ಮುಖವನ್ನು ಅಚ್ಚಿನಲ್ಲಿಟ್ಟು ಕೆಳಗಿನ ಮೈಯನ್ನು ಬೀಡಿನಲ್ಲಿ ಎರಕ ಹೊಯ್ಯುತ್ತಿದ್ದರಂತೆ. ಅಂಥದ್ದು ಸದ್ದು ಮಾಡುವುದಿಲ್ಲ, ಆದರೆ ಪೆಟ್ಟು ತಿನ್ನುವುದರಲ್ಲಿ ಒಂದನೇ ನಂಬರು. "ಊರವರ ನಿದ್ದೆ ಕೆಡಬಾರದು ಅಂತಾನೇ ಅಂಥದ್ದನ್ನ ಹುಡುಕಿ ತಗೋತಾರೆ. ನೀನು ಕಿವೀಲಿ ನೋಡೋಕೆ ಹೋಗಿದ್ದೀಯ."

ಇದ್ದಿಲನ್ನು ಅಲ್ಲೇ ಬಿಟ್ಟು ಫಿಟ್ಟರ್ ಮನೆಗೆ ಓಡಿದೆ. ಮೂಲೆ ಖಾಲಿ. ನೆಲದ ಮೇಲೆ ಚೌಕ ಗುರುತು ಮಾತ್ರ ಇತ್ತು.

ಶನಿವಾರ ಒಬ್ಬರು ವಯಸ್ಸಾದವರು ಬಂದಿದ್ದರು ಎಂದರು ಫಿಟ್ಟರ್. "ತೊಂಬತ್ತಾರು ಕಿಲೋದ್ದು ಯಾರ ಮನೇಲಿದೆ ಅಂತ ಕೇಳಿಕೊಂಡು ಬಂದರಂತೆ. ಕಿವಿ ಸ್ವಲ್ಪ ಮಂದ ಅನ್ನಿಸುತ್ತೆ. ತಟ್ಟಿ ನೋಡೋ ಗೊಡವೆಗೇ ಹೋಗಲಿಲ್ಲ. ಜೇಬಿಂದ ಗುಂಡು ತೆಗೆದು ಐದು ಕಡೆ ಬಿಟ್ಟರು. ನೂರ ಇಪ್ಪತ್ತಕ್ಕೆ ಮುಗಿಸಿ ದುಡ್ಡು ಕೊಟ್ಟರು. ಗುರುವಾರ ಗಾಡಿ ಕಳಿಸ್ತೀನಿ, ಅಲ್ಲೀವರೆಗೂ ಹೊರಗಿಡಬೇಡಿ ಅಂತ ನಾಲ್ಕು ಜನರನ್ನ ಕರೆಸಿ ಒಳಗಿನ ಕೋಣೆಗೆ ಹಾಕಿಸಿದರು."

ಒಗೆದ ಅಂಗಿ ಹಾಕಿಕೊಂಡಿದ್ದರೇ ಎಂದು ಕೇಳಿದೆ. ಹೌದಂತೆ.

ಮಾರ್ಚ್ 6, ಗುರುವಾರ

ಬಂತು. ನಾಲ್ಕು ಜನ ಇಳಿಸಿದರು. ಮಾವ ತಮ್ಮ ಅಡೆಗಲ್ಲಿನಿಂದ ಮೂರು ಹೆಜ್ಜೆ ಆಚೆ ಹೊಸ ಮರದ ಕೊರಡು ಹೂಳಿಸಿ ಅದರ ಮೇಲೆ ಕೂರಿಸಿದರು. ನಾನು ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಬೆರಳಿನ ಗೆಣ್ಣು ಅದರ ಮುಖಕ್ಕೆ ತಾಗುತ್ತದೆ. ಎತ್ತರ ಹಾಗೇ ಇರಬೇಕು. ನನ್ನ ಅಳತೆ ಯಾವಾಗ ತೆಗೆದುಕೊಂಡರೋ ಗೊತ್ತಿಲ್ಲ.

"ನಿನಗೆ ಅಂತ ತಂದೆ" ಎಂದರು.

ಎದುರಿನ ಸೈಕಲ್ ಅಂಗಡಿಯವನು, ಕ್ವಾರಿಯ ಮೇಸ್ತ್ರಿ, ಹಾಲಿನವಳು, ಎಲ್ಲರೂ ಬಂದು ನೋಡಿದರು. ಇಂಥ ಮಾವ ಯಾರಿಗೆ ಸಿಗುತ್ತಾರೆ ಎಂದರು. ಯಾರಿಗೂ ಸಿಗುವುದಿಲ್ಲ. ನಾನು ನಕ್ಕೆ.

ಮಾರ್ಚ್ 7, ಶುಕ್ರವಾರ

ಒಳ್ಳೆಯ ಮಾಲು. ಗುಂಡು ಮುಕ್ಕಾಲು ಗೇಣಿಗಿಂತ ಮೇಲೆ ಎಗರುತ್ತದೆ. ಸುತ್ತಿಗೆ ತಾನಾಗಿ ಮೇಲೆ ಬರುತ್ತದೆ, ರಟ್ಟೆ ನೋಯುವುದಿಲ್ಲ. ಆರು ಕೊಡಲಿ ಮಾಡಿದೆ.

ಮಾರ್ಚ್ 8, ಶನಿವಾರ

ಕೊಡಲಿ ಐದು.

ಮಾರ್ಚ್ 9, ಭಾನುವಾರ

ಬೀಗದಕ್ಕ ಹೇಳಿಕಳಿಸಿದ್ದಾರೆ. ಬ್ಯಾಟರಿ ಅಂಗಡಿಯವನೊಬ್ಬ ಶೆಡ್ ಕೇಳುತ್ತಿದ್ದಾನಂತೆ. ಹದಿನೈದರವರೆಗೆ ಮಾತು ಮಾತೇ, ಹದಿನಾರಕ್ಕೆ ಬೀಗದ ಕೈ ಅವನಿಗೆ.

ಹೆಂಡತಿ ಹೊಸ ಅಡೆಗಲ್ಲನ್ನು ಇವತ್ತು ಮೊದಲ ಸಲ ಹತ್ತಿರ ಹೋಗಿ ನೋಡಿದಳು. ಮೂರು ದಿನದಿಂದ ಆ ಕಡೆ ತಿರುಗಿರಲಿಲ್ಲ. "ಎಷ್ಟು ಜನ ಬೇಕು ಎತ್ತೋಕೆ?" ಎಂದಳು. ನಾಲ್ಕು ಎಂದೆ. "ಅಪ್ಪ ಲೆಕ್ಕದಲ್ಲಿ ಪಕ್ಕಾ" ಎಂದು ಒಳಗೆ ಹೋದಳು.

ಇನ್ನೊಂದು ಹಳೇ ಅಡೆಗಲ್ಲು ಕೊಳ್ಳಲು ದುಡ್ಡಿದೆ, ಕೊಂಡರೆ ಈ ಮನೆಯವರ ಮುಖ ನೋಡುವ ಹಾಗಿಲ್ಲ. ತನಗಾಗಿ ತಂದದ್ದನ್ನು ಇಲ್ಲೇ ಬಿಟ್ಟು ಇನ್ನೊಂದು ಕೊಂಡ ಎಂದರೆ ಊರು ಉಗಿಯುತ್ತದೆ. ಇದನ್ನೇ ಎತ್ತಿಕೊಂಡು ಹೋದರೆ ಕಳ್ಳತನಕ್ಕೆ ಸಮ. ಇಲ್ಲೇ ಇದ್ದರೆ ಎಲ್ಲರಿಗೂ ಸಂತೋಷ. ನನಗೂ ಕೆಲಸ ಸಲೀಸು. ಉಸಿರು ಮಾತ್ರ ಕಟ್ಟುತ್ತದೆ. ಬ್ಲೋವರ್ ನಿಲ್ಲಿಸಿದರೂ ಹೊಗೆ ತುಂಬಿದ ಹಾಗೆ.

ಮಾರ್ಚ್ 11, ಮಂಗಳವಾರ

ಹೆಂಡತಿಗೆ, ನೀನೇ ಅಪ್ಪನ ಹತ್ತಿರ ಮಾತಾಡು ಎಂದೆ.

"ನಾನು ಹೇಳಿದ್ರೆ ಮಗಳು ಹೇಳಿದ ಹಾಗಾಗುತ್ತೆ ರೀ. ಅಳ್ತಾರೆ, ಒಪ್ತಾರೆ, ಆಮೇಲೆ ನೀವು ಜನ್ಮಪೂರ್ತಿ ನನ್ನ ಸೆರಗಿನ ಹಿಂದೆ ಹೋದವರು ಅನ್ನಿಸ್ಕೊತೀರಿ. ನೀವೇ ಹೇಳಿ. ಸ್ವಲ್ಪ ಗಟ್ಟಿಯಾಗಿ ಹೇಳಿ, ನಿಮ್ಮ ಅರ್ಧ ಮಾತು ಅವರಿಗೆ ಕೇಳ್ಸೋದೇ ಇಲ್ಲ."

ಮಧ್ಯಾಹ್ನ ಹೋದೆ. ಅಡೆಗಲ್ಲಿನ ದುಡ್ಡು ಕೊಡುತ್ತೇನೆ ಮಾವ, ತಗೊಳ್ಳಿ ಎಂದೆ. ಏನು ಎಂದರು. ಇನ್ನೊಮ್ಮೆ ಹೇಳಿದೆ.

"ದುಡ್ಡಾ? ಯಾರು ಯಾರಿಗೆ ಕೊಡೋದು? ಇಲ್ಲಿರೋದೆಲ್ಲ ನಿಂದೇ ಅಲ್ವೇನಪ್ಪ?"

ಎಲ್ಲ ನಿನ್ನದೇ ಎಂದ ಮೇಲೆ ಒಂದು ವಸ್ತುವನ್ನು ತೋರಿಸಿ ಇದು ನನ್ನದು ಎನ್ನುವ ಹಾಗಿಲ್ಲ. ವಾಪಸು ಬಂದೆ. ಇನ್ನು ನಾಲ್ಕು ದಿನ.

ಮಾರ್ಚ್ 13, ಗುರುವಾರ

ಹಾರೆ ಕೆಲಸ. ಅವರ ಅಡೆಗಲ್ಲಿನ ಮೇಲೆ. ಮೊದಲ ಹಾರೆ ಹಳದಿಯಾಗಿ ಕಾದಿತ್ತು. ಮಾವ ಹೊರಗೆ ತೆಗೆದು ಇಟ್ಟು ಸುತ್ತಿಗೆಯಿಂದ ಮುಟ್ಟಿ ತೋರಿಸಿದರು. ನಾನು ಸಮ್ಮಟಿಗೆ ಎತ್ತಲಿಲ್ಲ.

ಕೇಳಿಸಲಿಲ್ಲವೇನೋ ಎಂಬಂತೆ ಇನ್ನೊಮ್ಮೆ ಜೋರಾಗಿ ಮುಟ್ಟಿದರು. ಸಮ್ಮಟಿಗೆಯನ್ನು ಗೋಡೆಗೆ ಒರಗಿಸಿ, "ಆ ಅಡೆಗಲ್ಲಿನ ಬೆಲೆ ಹೇಳಿ ಮಾವ" ಎಂದೆ. ಕೇಳಿಸಲಿ ಎಂದು ಗಟ್ಟಿಯಾಗಿಯೇ ಹೇಳಿದೆ. "ಡಿಪೋ ಹಿಂದೆ ಶೆಡ್ ನೋಡಿದ್ದೀನಿ. ಹದಿನೈದಕ್ಕೆ ಹೋಗಬೇಕು. ನಂಗೆ ಅದನ್ನ ಸುಮ್ಮನೆ ಕೊಡಬೇಡಿ. ಮಾರಿ."

ಹಾರೆಯ ತುದಿ ಹಳದಿಯಿಂದ ಕೆಂಪಾಯಿತು. ಕೆಂಪಿನಿಂದ ಕಪ್ಪಾಯಿತು. ಅವರು ಅದನ್ನೇ ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ. ಕಾದ ಕಬ್ಬಿಣವನ್ನು ಪೆಟ್ಟು ಹಾಕದೆ ತಣ್ಣಗಾಗಲು ಬಿಟ್ಟದ್ದು ಈ ಕುಲುಮೆಯಲ್ಲಿ ನಾನಂತೂ ಕಂಡಿಲ್ಲ. ಪೂರ್ತಿ ಕಪ್ಪಾದ ಮೇಲೆ ಇಕ್ಕಳ ಸಡಿಲಿಸಿ ಹಾರೆಯನ್ನು ನೆಲದ ಮೇಲೆ ಇಟ್ಟು ಹೊರಗೆ ಹೋದರು.

ಹಾರೆಯವನು ಬಂದ, ನಾಳೆ ಬಾ ಎಂದೆ.

ಮಾರ್ಚ್ 14, ಶುಕ್ರವಾರ

ಬೆಳಿಗ್ಗೆ ಎಂಟಕ್ಕೆ ಮಾವ ಹೊಸ ಅಡೆಗಲ್ಲಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದರು. ನಾನು ಬಾಗಿಲು ದಾಟಿದ್ದೇ ತಡ, "ಇಪ್ಪತ್ತೈದು ಸಾವಿರ" ಎಂದರು.

ಅವರು ಕೊಟ್ಟದ್ದು ಹನ್ನೊಂದು ಸಾವಿರದ ಐನೂರ ಇಪ್ಪತ್ತು. ಫಿಟ್ಟರ್ ಹೇಳಿ ಅದು ನನಗೆ ಗೊತ್ತು ಎಂಬುದೂ ಅವರಿಗೆ ಗೊತ್ತಿರಬೇಕು.

"ಮೊದಲು ತೂಕ ಹೇಳಿ" ಎಂದೆ.

"ತೊಂಬತ್ತಾರು."

"ತೂಗಿಸಿ ಹೇಳಿ."

"ಮಾವನ ಮಾತಿನ ಮೇಲೆ ನಂಬಿಕೆ ಇಲ್ವಾ?"

"ಮಾವನ ಮೇಲೆ ಇದೆ. ಮಾರೋರ ಮೇಲೆ ಇಲ್ಲ."

ನಾಲ್ಕು ಜನರನ್ನು ಕರೆದು, ಎದುರುಸಾಲಿನ ಗುಜರಿ ಅಂಗಡಿಯ ಕಾಟಾದ ಮೇಲೆ ಇಟ್ಟೆವು. ತೊಂಬತ್ನಾಲ್ಕು. ಫಿಟ್ಟರ್ ಎರಡು ಕಿಲೋ ಮೋಸ ಮಾಡಿದ ಎಂದು ಮಾವ ಅಲ್ಲೇ ಅವನ ಮೂರು ತಲೆಮಾರಿಗೆ ಬೈದರು. ಆಮೇಲೆ ಶುರುವಾಯಿತು. ಅಂಚು ನೋಡು, ಕೂದಲು ಕತ್ತರಿಸಬಹುದು ಎಂದರು. ಮೂಗಿನ ತುದಿ ಹೋಗಿದೆ ನೋಡಿ, ಅರ್ಧ ಇಂಚಿನ ಬಳೆ ಬಗ್ಗಿಸೋಕಾಗಲ್ಲ ಎಂದೆ. ಹೊಸ ಕೊರಡು ಸಮೇತ ಕೊಡುತ್ತಿದ್ದೇನೆ ಎಂದರು. ಕೊರಡು ಹಸಿ, ಮೂರು ತಿಂಗಳಿಗೆ ಸೀಳುತ್ತದೆ ಎಂದೆ. ಅವರಿಗೆ ಕೇಳಿಸಲೆಂದು ನಾನು ಕೂಗಬೇಕು, ನಾನು ಕೂಗಿದ್ದಕ್ಕೆ ಅವರೂ ಕೂಗಬೇಕು. ಸೈಕಲ್ ಅಂಗಡಿಯವನು ಪಂಪು ಹಿಡಿದುಕೊಂಡೇ ನಿಂತುಬಿಟ್ಟ. ಜಗಳ ಎಂದುಕೊಂಡು ಹಾಲಿನವಳು ಬಿಡಿಸಲು ಬಂದಳು. ಹೆಂಡತಿ ಬಾಗಿಲಲ್ಲಿ ನಿಂತು ಅವಳನ್ನು ತಡೆದಳು.

"ನೂರೈವತ್ತರ ಮೇಲೆ ಇಡೀ ಊರಲ್ಲಿ ಯಾರೂ ಕೊಡಲ್ಲ" ಎಂದೆ.

"ಇಡೀ ಊರಿಗೆ ಹದಿನೈದನೇ ತಾರೀಕು ಶೆಡ್ ಹೋಗಲ್ಲ. ನಿಂದು ಹೋಗುತ್ತೆ. ಇನ್ನೂರು."

"ನೂರ ಅರವತ್ತು."

"ನಾನು ಅಷ್ಟು ದೂರ ಹೋಗಿ ಹುಡುಕಿ ತಂದಿದ್ದಕ್ಕೆ ಏನೂ ಇಲ್ವಾ? ನೀನು ನೋಡಿ ಬಿಟ್ಟು ಬಂದ ಮಾಲು ಇದು. ಕಿವಿ ಇದ್ದೋನು ಬಿಟ್ಟ, ಕಿವುಡ ತಂದ."

ನೂರ ಎಂಬತ್ತಕ್ಕೆ ಮುಗಿಯಿತು. ಹದಿನಾರು ಸಾವಿರದ ಒಂಬೈನೂರ ಇಪ್ಪತ್ತು. ಇಪ್ಪತ್ತು ಬಿಡಿ ಎಂದೆ, ಬಿಡಲಿಲ್ಲ. ಮಾರುಕಟ್ಟೆಗಿಂತ ಎರಡು ಸಾವಿರದ ಎಂಟುನೂರ ಇಪ್ಪತ್ತು ಜಾಸ್ತಿ ಕೊಟ್ಟಿದ್ದೇನೆ. ತಕ್ಕಡಿಗೆ ಗೊತ್ತಾದರೆ ಆಡಿಕೊಳ್ಳುತ್ತಾನೆ.

"ಸಾಗಿಸೋ ಖರ್ಚು ನಿಂದು" ಎಂದರು. "ನಾನು ಕೈ ಹಚ್ಚಲ್ಲ."

ಹಚ್ಚಲೂ ಇಲ್ಲ. ಕಾಟಾದಿಂದ ನೇರ ಗಾಡಿಗೆ ಏರಿಸಿದೆವು. ಸಂಜೆಯೊಳಗೆ ಶೆಡ್ಡಿನಲ್ಲಿ ಇಳಿಸಿ, ಒಂದು ಪಿಕಾಸಿಯ ಮೊನೆ ಕೂಡ ತೆಗೆದೆ. ಕೆಲಸ ಶುರುವಾಗಿದೆ ಎಂಬುದಕ್ಕೆ ಬೀಗದಕ್ಕನೇ ಸಾಕ್ಷಿ. ಅಟ್ಟದ ಕೋಣೆಯಲ್ಲಿ ಮೂರು ಹಾಸಿಗೆ ಹಿಡಿಸುತ್ತದೆ, ಹೊಲಿಗೆ ಯಂತ್ರಕ್ಕೆ ಕಿಟಕಿಯ ಹತ್ತಿರ ಜಾಗವಿದೆ ಎಂದು ಹೆಂಡತಿ ಅಳತೆ ಹಾಕಿದಳು.

ಮಾರ್ಚ್ 15, ಶನಿವಾರ

ಉಳಿದ ಸಾಮಾನು ಕಟ್ಟುತ್ತಿದ್ದೆ. ಮಾವ ಬಂದು ಎದುರಿಗೆ ನಿಂತರು. ಹಾರೆ ಏಳು ಬಾಕಿ ಇವೆ, ಮೊನ್ನೆಯದೂ ಸೇರಿದರೆ ಎಂಟು ಎಂದರು. ಒಬ್ಬರೇ ಹಿಡಿದು ಒಬ್ಬರೇ ಹೊಡೆಯಲು ಆಗುವ ಕೆಲಸ ಅಲ್ಲ ಅದು. ನನಗದು ಗೊತ್ತಿದ್ದೂ ನಾಲ್ಕು ದಿನದಿಂದ ಯೋಚಿಸುವುದನ್ನು ತಪ್ಪಿಸಿಕೊಂಡಿದ್ದೆ. ಇನ್ನು ಏನು ಹೇಳುತ್ತಾರೋ, ನಾನು ಮತ್ತೆ ಇಲ್ಲೇ ಉಳಿದುಬಿಡುತ್ತೇನೋ ಎನ್ನಿಸಿತು.

"ವಾರಕ್ಕೆ ಎರಡು ಬೆಳಿಗ್ಗೆ ಸಮ್ಮಟಿಗೆ ಹೊಡೆಯೋಕೆ ಎಷ್ಟು ತಗೋತೀಯ?" ಎಂದರು.

ಊರಿನ ಹಳೇ ಅಡೆಗಲ್ಲುಗಳ ದರವೆಲ್ಲ ನನ್ನ ಬಾಯಲ್ಲಿದೆ. ಇದಕ್ಕೆ 'ಇಷ್ಟು' ಎನ್ನಲು ನಾಲಿಗೆಗೆ ಏನೂ ಬರಲಿಲ್ಲ. ಹದಿನಾಲ್ಕು ವರ್ಷ ಹೊಡೆದಿದ್ದೇನೆ, ಒಂದು ಬೆಳಿಗ್ಗೆಗೆ ಎಷ್ಟು ಎಂದು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

"ಯೋಚನೆ ಮಾಡಿ ಹೇಳು. ಹದಿನಾಲ್ಕು ವರ್ಷ ಬಳಸಿದ ಮಾಲು ಅನ್ನೋದು ನೆನಪಿರಲಿ" ಎಂದು ತಮ್ಮ ಬೆಂಕಿಯ ಕಡೆ ಹೋದರು.

ಹೊಸ ಕೋಣೆಗೆ ಬಂದ ಮೇಲೆ ಹೆಂಡತಿಯನ್ನು ಕೇಳಿದೆ. ಅವಳು ಒಂದು ದರ ಹೇಳಿದಳು. ನನಗೆ ಜಾಸ್ತಿ ಅನ್ನಿಸಿತು. ನಾಳೆ ಅದನ್ನೇ ಹೇಳುತ್ತೇನೆ.